ಸೊಂಟದ ಪಿಸ್ತೂಲಿಗೆ ಯಾವ ಬೋರು? ಗಡಿ ಮಂಡಲಗಳ ಪ್ರಶ್ನೆಗೆ ಕಾಯಿದೆ ಮತ್ತು ಅನುಭವದ ಉತ್ತರ

ವಿಶ್ಲೇಷಣೆ

"ಲೈಸೆನ್ಸ್ ಸಿಕ್ಕರೆ ಯಾವುದು ತಗೊಳ್ಳೋದು ಸ್ವಾಮಿ? ರಿವಾಲ್ವರೋ, ಪಿಸ್ತೂಲೋ? ಯಾವ ಬೋರು ಒಳ್ಳೇದು?"

ಜೀನ್ಸ್ ಹೊಲಿಯುವ ರಾಯದುರ್ಗದಲ್ಲಾಗಲಿ, ಅಡಿಕೆ, ಹುಣಸೆ, ಕಡಲೆಕಾಯಿ ವ್ಯಾಪಾರದ ಮಡಕಶಿರಾದಲ್ಲಾಗಲಿ ಈ ಮಾತು ಹೊಸದಲ್ಲ. ಬಳ್ಳಾರಿಯಿಂದ ವಸೂಲಿ ಹಣ ಚೀಲದಲ್ಲಿಟ್ಟುಕೊಂಡು ರಾತ್ರಿ ಹೊತ್ತು ಮರಳುವ ವ್ಯಾಪಾರಿ ಇದನ್ನು ಕೇಳುತ್ತಾನೆ. ಹಳೆಯ ವೈಷಮ್ಯದ ನೆನಪು ಇನ್ನೂ ಆರದ ಮನೆತನದ ಹುಡುಗ ಕೇಳುತ್ತಾನೆ. ರಾಜಕೀಯಕ್ಕೆ ಕಾಲಿಟ್ಟು ಹಿಂದೆ ಮುಂದೆ ನಾಲ್ಕು ಜನ ಓಡಾಡಲು ಶುರುವಾದ ಗುತ್ತಿಗೆದಾರನೂ ಕೇಳುತ್ತಾನೆ. ಮೊಬೈಲಿನಲ್ಲಿ ಅಮೆರಿಕದ ವಿಡಿಯೋ ನೋಡಿದವರು 9 ಮಿ.ಮೀ., .45 ಎಂದು ಅಂಕಿಗಳನ್ನು ಸಲೀಸಾಗಿ ಹೇಳುತ್ತಾರೆ.

ಪ್ರಶ್ನೆ ಸರಳವಾಗಿದೆ. ಆದರೆ ಅದನ್ನು ಕೇಳುವ ಕ್ರಮವೇ ತಲೆಕೆಳಗಾಗಿದೆ ಎಂಬುದು ಈ ಲೇಖನದ ವಾದ. ನಮ್ಮ ದೇಶದಲ್ಲಿ ಬೋರನ್ನು ಆರಿಸುವ ಕೆಲಸದ ಮುಕ್ಕಾಲು ಪಾಲನ್ನು ಕಾಯಿದೆಯೇ ಮುಗಿಸಿಬಿಟ್ಟಿದೆ. ಉಳಿದ ಕಾಲು ಪಾಲಿನಲ್ಲಿ ನಿಜವಾಗಿ ತೀರ್ಮಾನಿಸಬೇಕಾದ್ದು ಬೇರೆಯೇ ಇದೆ.

ಬೋರು ಎಂದರೆ ಏನು, ನಿಷೇಧ ಯಾವುದಕ್ಕೆ?

ಬೋರು ಅಥವಾ ಕ್ಯಾಲಿಬರ್ ಎಂದರೆ ನಳಿಗೆಯ ಒಳಗಿನ ಅಗಲ. ಅದಕ್ಕೆ ಹೊಂದುವ ಗುಂಡಿನ ಗಾತ್ರವನ್ನೂ ಅದೇ ಹೆಸರಿನಿಂದ ಕರೆಯುತ್ತಾರೆ. ಇಂಗ್ಲಿಷರ ಲೆಕ್ಕದಲ್ಲಿ ಅದು ಇಂಚಿನ ಭಾಗ, ಯುರೋಪಿನ ಲೆಕ್ಕದಲ್ಲಿ ಮಿಲಿಮೀಟರ್. .32 ಎಂದರೂ 7.65 ಮಿ.ಮೀ. ಎಂದರೂ ನಮ್ಮಲ್ಲಿ ಹೆಚ್ಚುಕಡಿಮೆ ಒಂದೇ ಗಾತ್ರದ ಮಾತು.

1959ರ ಶಸ್ತ್ರಾಸ್ತ್ರ ಕಾಯಿದೆ ಮತ್ತು ಅದರ ಕೆಳಗಿನ ನಿಯಮಗಳು ಆಯುಧಗಳನ್ನು ನಿಷೇಧಿತ ಬೋರು, ನಿಷೇಧವಿಲ್ಲದ ಬೋರು ಎಂದು ವಿಂಗಡಿಸುತ್ತವೆ. ಕೈಬಂದೂಕುಗಳ ಮಟ್ಟಿಗೆ ಇದರ ತಿರುಳು ಇಷ್ಟೆ: ಸೈನ್ಯ ಮತ್ತು ಪೊಲೀಸರು ಬಳಸುತ್ತ ಬಂದ ತೂಟಾ ಯಾವ ಪಿಸ್ತೂಲಿನಲ್ಲಿ, ಯಾವ ರಿವಾಲ್ವರಿನಲ್ಲಿ ಹಿಡಿಯುತ್ತದೋ ಅದು ಸಾಮಾನ್ಯ ನಾಗರಿಕನಿಗಿಲ್ಲ. ಹಳೆಯ .380 ಮತ್ತು .455 ರಿವಾಲ್ವರ್ ತೂಟಾಗಳು, ಸರ್ವಿಸ್ 9 ಮಿ.ಮೀ., .45 ಪಿಸ್ತೂಲ್ ತೂಟಾಗಳು ಈ ಪಟ್ಟಿಯಲ್ಲಿವೆ. ಠಾಣೆಯಿಂದ, ಶಸ್ತ್ರಾಗಾರದಿಂದ ಕದ್ದ ಗುಂಡು ಊರ ಜನರ ಪಿಸ್ತೂಲಿಗೆ ಹೊಂದಬಾರದು ಎಂಬುದೇ ಇದರ ಹಿಂದಿನ ಲೆಕ್ಕಾಚಾರ. ಗುಂಡಿನ ಬಲಾಬಲಕ್ಕಿಂತ ಸರ್ಕಾರಿ ದಾಸ್ತಾನಿನ ಭದ್ರತೆಯ ಯೋಚನೆ ಇದರಲ್ಲಿ ಹೆಚ್ಚು.

ನಿಷೇಧಿತ ಬೋರಿನ ಲೈಸೆನ್ಸ್ ಕೊಡುವ ಅಧಿಕಾರ ಕಲೆಕ್ಟರಿಗಿಲ್ಲ, ಅದು ಕೇಂದ್ರ ಗೃಹ ಸಚಿವಾಲಯದ ಕೈಯಲ್ಲಿದೆ. ಹಾಗಾಗಿ ರಾಯದುರ್ಗದ ಚಹಾ ಅಂಗಡಿಯಲ್ಲಿ ಕೂತು 9 ಮಿ.ಮೀ. ಒಳ್ಳೆಯದೋ, .45 ಒಳ್ಳೆಯದೋ ಎಂದು ಚರ್ಚಿಸುವುದು ನಮಗೆ ಬಾರದ ಆಸ್ತಿಗೆ ಪಾಲು ಮಾಡಿದಂತೆ.

ಹಾಗಾದರೆ ಸಿಗುವುದೇನು?

ಉಳಿಯುವುದು ಮುಖ್ಯವಾಗಿ .32 ಮತ್ತು .22. ವಿದೇಶಿ ಕೈಬಂದೂಕುಗಳ ಸಾಮಾನ್ಯ ಆಮದು 1980ರ ದಶಕದಲ್ಲೇ ನಿಂತುಹೋಯಿತು. ಅದಕ್ಕೂ ಮುಂಚೆ ಬಂದ ಹಳೆಯ ವಿದೇಶಿ ಪಿಸ್ತೂಲುಗಳು ಇಂದಿಗೂ ಕೈಯಿಂದ ಕೈಗೆ ದಾಟುತ್ತವೆ. ಅವುಗಳ ಬೆಲೆ ಏರಿದ್ದು ಗುಣಕ್ಕಿಂತ ಹೆಚ್ಚಾಗಿ ಅಭಾವದಿಂದ. ಬೆಲೆ ಹೆಚ್ಚಾದರೆ ಬಲವೂ ಹೆಚ್ಚು ಎಂದು ನಂಬಿ ಐವತ್ತು ವರ್ಷದ ಸವೆದ ಪಿಸ್ತೂಲಿಗೆ ಹೊಲದ ಬೆಲೆ ತೆರುವುದು ಜಾಣತನವಲ್ಲ.

ಹೆಚ್ಚಿನವರಿಗೆ ಒದಗುವುದು ಸರ್ಕಾರಿ ಕಾರ್ಖಾನೆಗಳ ಮಾಲು. ಕಾನ್ಪುರದ .32 ರಿವಾಲ್ವರ್ ಬ್ರಿಟಿಷರ ಕಾಲದ ವೆಬ್ಲಿ ಮಾದರಿಯ ವಂಶದ್ದು, ಆರು ಗುಂಡಿನದು. .32 ಪಿಸ್ತೂಲು 'ಅಶನಿ' ಎಂಬ ಹೆಸರಿನಲ್ಲೂ ಬಂದಿದೆ. 2014ರ ಜನವರಿಯಲ್ಲಿ ದೆಹಲಿಯ ನಿರ್ಭಯಾ ಪ್ರಕರಣದ ನೆನಪಿನಲ್ಲಿ 'ನಿರ್ಭೀಕ್' ಎಂಬ .32 ರಿವಾಲ್ವರ್ ಬಂತು. ತೂಕ ಅರ್ಧ ಕಿಲೋ, ಅಂದಿನ ಬೆಲೆ 1 ಲಕ್ಷ 22 ಸಾವಿರ ರೂಪಾಯಿಗೂ ಮೇಲೆ. ಮಹಿಳೆಯರ ರಕ್ಷಣೆಗೆ ಎಂದು ಪ್ರಚಾರವಾಯಿತು. ಸಂಜೆ ಗಾರ್ಮೆಂಟ್ ಘಟಕದಿಂದ ನಡೆದು ಮನೆಗೆ ಹೋಗುವ ರಾಯದುರ್ಗದ ಹೆಣ್ಣುಮಗಳ ಎಷ್ಟು ತಿಂಗಳ ಕೂಲಿ ಅದು ಎಂದು ಲೆಕ್ಕ ಹಾಕಿದರೆ, ಆ ಆಯುಧ ಯಾರಿಗಾಗಿ ಬಂತೆಂಬುದು ತಿಳಿಯುತ್ತದೆ. ಅದರ ನಂತರ 'ನಿಡರ್' ಎಂಬ .22 ರಿವಾಲ್ವರ್ ಬಂತು, ಅದರ ತೂಕ ನಿರ್ಭೀಕ್‌ನ ಅರ್ಧದಷ್ಟು.

2021ರ ಅಕ್ಟೋಬರಿನಲ್ಲಿ ಆರ್ಡ್ನೆನ್ಸ್ ಫ್ಯಾಕ್ಟರಿ ಬೋರ್ಡನ್ನು ಏಳು ಕಂಪನಿಗಳಾಗಿ ಒಡೆದ ಮೇಲೆ ಕಾನ್ಪುರದ ಹೊಸ ಸರ್ಕಾರಿ ಕಂಪನಿ 2023ರ ಆಗಸ್ಟಿನಲ್ಲಿ 'ಪ್ರಬಲ್' ಎಂಬ .32 ರಿವಾಲ್ವರನ್ನು ಹೊರತಂದಿತು. ತೂಟಾ ತುಂಬಲು ಸಿಲಿಂಡರ್ ಪಕ್ಕಕ್ಕೆ ತೆರೆದುಕೊಳ್ಳುತ್ತದೆ, 50 ಮೀಟರ್ ದೂರಕ್ಕೆ ಪರಿಣಾಮಕಾರಿ ಎಂಬುದು ಕಂಪನಿಯ ಹೇಳಿಕೆ. ಆತ್ಮರಕ್ಷಣೆಯ ಸಂದರ್ಭ ಬರುವುದು ಐವತ್ತು ಮೀಟರಿನಲ್ಲಲ್ಲ, ಐದು ಮೀಟರಿನೊಳಗೆ. ಅಷ್ಟು ದೂರದಲ್ಲಿರುವವನಿಂದ ಓಡಿ ತಪ್ಪಿಸಿಕೊಳ್ಳುವ ದಾರಿಯಿತ್ತಲ್ಲ ಎಂದು ನಾಳೆ ನ್ಯಾಯಾಲಯವೇ ಕೇಳುತ್ತದೆ.

ಇಲ್ಲೊಂದು ಎಚ್ಚರಿಕೆ ಬೇಕು. .32 ರಿವಾಲ್ವರಿನ ತೂಟಾ ಬೇರೆ, .32 ಪಿಸ್ತೂಲಿನ ತೂಟಾ ಬೇರೆ. ಹೆಸರಿನ ಅಂಕಿ ಒಂದೇ ಆದರೂ ಮೊದಲನೆಯದು ಉದ್ದ, ಎರಡನೆಯದು ಗಿಡ್ಡ. "ಮೂವತ್ತೆರಡರ ಗುಂಡು ಕೊಡಿ" ಎಂದರೆ ಸಾಲದು, ಯಾವುದರದು ಎಂದು ಹೇಳಬೇಕು. ಒಂದರದನ್ನು ಇನ್ನೊಂದರಲ್ಲಿ ಪ್ರಯತ್ನಿಸಿ ನೋಡುವುದು ಬೆರಳಿಗೂ ಕಣ್ಣಿಗೂ ಅಪಾಯ.

.32 ಸಾಕೇ?

ಮುಖ್ಯ ತಕರಾರು ಇದೇ. ಅಂಕಿಯಲ್ಲಿ ನೋಡಿದರೆ .32 ಗುಂಡು ನಳಿಗೆಯಿಂದ ಹೊರಡುವಾಗ ಹೊತ್ತೊಯ್ಯುವ ಶಕ್ತಿ ಸುಮಾರು 170 ಜೌಲ್ ಆಸುಪಾಸು. 9 ಮಿ.ಮೀ. ಗುಂಡಿನದು ಅದರ ಎರಡೂವರೆ ಪಟ್ಟಿಗೂ ಮೇಲೆ. ಚಿಕ್ಕ ನಳಿಗೆಯ .22 ಇನ್ನೂ ಕೆಳಗೆ. ಇಷ್ಟನ್ನು ನೋಡಿ ".32 ಆಟದ ಸಾಮಾನು" ಎನ್ನುವವರಿದ್ದಾರೆ.

ಆ ಮಾತು ತಪ್ಪು. ಧಾರವಾಡದಲ್ಲಿ 2015ರ ಆಗಸ್ಟ್ 30ರಂದು ಎಂ.ಎಂ. ಕಲಬುರ್ಗಿಯವರನ್ನು, ಬೆಂಗಳೂರಿನಲ್ಲಿ 2017ರ ಸೆಪ್ಟೆಂಬರ್ 5ರಂದು ಗೌರಿ ಲಂಕೇಶರನ್ನು ಕೊಂದದ್ದು 7.65 ಮಿ.ಮೀ. ನಾಡ ಪಿಸ್ತೂಲಿನ ಗುಂಡುಗಳು. ಎರಡೂ ಕಡೆ ಬಳಕೆಯಾದದ್ದು ಒಂದೇ ಪಿಸ್ತೂಲು ಎಂದು ವಿಧಿವಿಜ್ಞಾನ ಪರೀಕ್ಷೆ ತೋರಿಸಿತು. ಅಂಕಿ ಚಿಕ್ಕದೆಂದು ಗುಂಡು ಯಾರನ್ನೂ ಉಳಿಸುವುದಿಲ್ಲ.

ಇನ್ನೊಂದು ಕಡೆ ದೊಡ್ಡ ಬೋರೇ ಗೆಲುವು ಎಂಬುದೂ ನಿಲ್ಲುವ ಮಾತಲ್ಲ. ಇದಕ್ಕೆ ಅಮೆರಿಕದ ಎಫ್‌ಬಿಐ ಸಂಸ್ಥೆಯ ಕಥೆ ಕೇಳಬೇಕು. 1986ರ ಏಪ್ರಿಲ್ 11ರಂದು ಮಿಯಾಮಿಯಲ್ಲಿ ಇಬ್ಬರು ದರೋಡೆಕೋರರ ಜೊತೆ ಗುಂಡಿನ ಕಾಳಗ ನಡೆದು ಇಬ್ಬರು ಏಜೆಂಟರು ಸತ್ತರು. 9 ಮಿ.ಮೀ. ಗುಂಡೊಂದು ದುಷ್ಕರ್ಮಿಯ ಎದೆ ಹೊಕ್ಕರೂ ಹೃದಯ ಮುಟ್ಟದೆ ನಿಂತಿತ್ತು, ಆತ ಆಮೇಲೂ ಹೋರಾಡಿದ. ಗುಂಡಿನ ಬಲ ಸಾಲದು ಎಂದು ಸಂಸ್ಥೆ 10 ಮಿ.ಮೀ. ಬೋರಿಗೆ ಹೋಯಿತು. ಅದರ ಒದೆತ ಹೆಚ್ಚಾಯಿತೆಂದು .40ಕ್ಕೆ ಇಳಿಯಿತು. ಕೊನೆಗೆ 2014ರ ಹೊತ್ತಿಗೆ ಮತ್ತೆ 9 ಮಿ.ಮೀ.ಗೇ ಮರಳುವುದು ಮೇಲು ಎಂಬ ತೀರ್ಮಾನಕ್ಕೆ ಬಂತು. ಹೊಸ ಗುಂಡುಗಳು ಸುಧಾರಿಸಿದ್ದವು ಎಂಬುದು ಒಂದು ಕಾರಣ. ಒದೆತ ಕಡಿಮೆಯಾದರೆ ಹೆಚ್ಚಿನ ಏಜೆಂಟರು ಬೇಗ ಮತ್ತು ಗುರಿಯಿಟ್ಟು ಹೊಡೆಯುತ್ತಾರೆ ಎಂಬುದು ಇನ್ನೊಂದು.

ಮೂರು ದಶಕದ ಸುತ್ತಾಟದ ನಂತರ ಜಗತ್ತಿನ ಹೆಸರಾಂತ ಪೊಲೀಸ್ ಸಂಸ್ಥೆ ಕಲಿತದ್ದು ಬೋರಿಗಿಂತ ಗುರಿ ಮುಖ್ಯ ಎಂಬುದನ್ನು. ಗುರಿ ಬರುವುದು ಅಭ್ಯಾಸದಿಂದ. ನಮ್ಮ ಮಂಡಲಗಳ ಲೈಸೆನ್ಸುದಾರ ವರ್ಷಕ್ಕೆ ಎಷ್ಟು ಗುಂಡು ಹಾರಿಸಿ ಅಭ್ಯಾಸ ಮಾಡುತ್ತಾನೆ? ಬಹುಪಾಲು ಮಂದಿ ಆಯುಧ ಕೊಂಡ ದಿನ ಒಂದೆರಡು ಗುಂಡು ಹಾರಿಸಿದ್ದೇ ಕೊನೆ. ಆಮೇಲೆ ಅದು ಬೀರುವಿನಲ್ಲಿ ಸೀರೆಗಳ ಕೆಳಗೆ ಮಲಗುತ್ತದೆ. ತೂಟಾ ದುಬಾರಿ, ಲೈಸೆನ್ಸಿನಲ್ಲಿ ಬರೆದ ಮಿತಿಯೊಳಗೇ ಕೊಳ್ಳಬೇಕು, ಅಭ್ಯಾಸಕ್ಕೆ ಅಧಿಕೃತ ಜಾಗ ಬೇಕು. ಹೊಲದ ಬದುವಿನಲ್ಲಿ ನಿಂತು ತೆಂಗಿನ ಚಿಪ್ಪಿಗೆ ಗುರಿಯಿಡುವುದು ಅಭ್ಯಾಸವಲ್ಲ, ಅಪರಾಧ.

ಹಾಗಾಗಿ ಕೇಳಿದ ಪ್ರಶ್ನೆಗೆ ನೇರ ಉತ್ತರ ಕೊಡುವುದಾದರೆ: ಅಭ್ಯಾಸ ಕಡಿಮೆ ಇರುವವನಿಗೆ .32 ರಿವಾಲ್ವರ್ ಪಿಸ್ತೂಲಿಗಿಂತ ಸರಿ. ಅದರಲ್ಲಿ ಬಿಡಿಭಾಗಗಳ ಆಟ ಕಡಿಮೆ. ಒಂದು ತೂಟಾ ಹುಸಿಯಾದರೆ ಕುದುರೆಯನ್ನು ಮತ್ತೊಮ್ಮೆ ಎಳೆದರೆ ಮುಂದಿನದು ಬರುತ್ತದೆ. ಪಿಸ್ತೂಲು ಸಿಕ್ಕಿಹಾಕಿಕೊಂಡರೆ ಬಿಡಿಸಲು ಎರಡೂ ಕೈ ಬೇಕು, ಕಲಿತ ಕೈ ಬೇಕು. ಮ್ಯಾಗಜಿನ್ ತೆಗೆದ ಮೇಲೂ ನಳಿಗೆಯ ಹಿಂದಿನ ಕೋಣೆಯಲ್ಲಿ ಒಂದು ಗುಂಡು ಉಳಿದಿರಬಹುದು. 'ಖಾಲಿ ಇದೆ' ಎಂದುಕೊಂಡ ಪಿಸ್ತೂಲು ಮನೆಯವರ ಪ್ರಾಣ ತೆಗೆದ ಸುದ್ದಿಗಳನ್ನು ಪತ್ರಿಕೆ ಓದುವವರೆಲ್ಲ ಬಲ್ಲರು. .22 ಹಗುರ, ಒದೆತವಿಲ್ಲ. ಆದರೆ ಬಲ ಎಲ್ಲಕ್ಕಿಂತ ಕಡಿಮೆ, ಅದರ ತೂಟಾ ಹುಸಿಯಾಗುವ ಸಂಭವವೂ ಹೆಚ್ಚು. ಕೈಬಲ ತೀರ ಕಡಿಮೆ ಇರುವವರಿಗಷ್ಟೇ ಅದು.

ಬಚ್ಚಿಡುವುದು ಇಲ್ಲಿ ಕಡ್ಡಾಯ

ಅಮೆರಿಕದಲ್ಲಿ ಆಯುಧವನ್ನು ಬಟ್ಟೆಯೊಳಗೆ ಬಚ್ಚಿಟ್ಟು ಓಡಾಡಲು ಅನುಮತಿ ಬೇಕೋ ಬೇಡವೋ ಎಂಬುದು ಪ್ರತಿ ರಾಜ್ಯದ ರಾಜಕೀಯ. 2022ರ ಜೂನಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಮನೆಯಾಚೆ ಕೈಬಂದೂಕು ಒಯ್ಯುವುದು ಸಂವಿಧಾನದ ಹಕ್ಕು ಎಂದೇ ಹೇಳಿತು. ನಮ್ಮಲ್ಲಿ ಅಂಥ ಹಕ್ಕಿಲ್ಲ. 2023ರ ಫೆಬ್ರವರಿಯಲ್ಲಿ ನ್ಯಾಯಮೂರ್ತಿಗಳಾದ ಕೆ.ಎಂ. ಜೋಸೆಫ್ ಮತ್ತು ಬಿ.ವಿ. ನಾಗರತ್ನ ಅವರ ಪೀಠ ಲೈಸೆನ್ಸಿಲ್ಲದ ಆಯುಧಗಳ ಹಾವಳಿಯನ್ನು ತಾನಾಗಿಯೇ ಕೈಗೆತ್ತಿಕೊಂಡಾಗ ಈ ವ್ಯತ್ಯಾಸವನ್ನು ಎತ್ತಿ ಹೇಳಿತು.

2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಕೈಬಂದೂಕನ್ನು ಹೋಲ್‌ಸ್ಟರಿನಲ್ಲಿ ಅಥವಾ ಅಂಥದೇ ಚೀಲದಲ್ಲಿ, ಪೂರ್ತಿ ಮುಚ್ಚಿದಂತೆ, ತನ್ನ ಹತೋಟಿಯಲ್ಲಿರುವಂತೆ ಒಯ್ಯಬೇಕು. ತೋರಿಸಿ ಬೆದರಿಸುವಂತಿಲ್ಲ, ಹಿಡಿದು ಝಳಪಿಸುವಂತಿಲ್ಲ. ಮೀರಿದರೆ ಲೈಸೆನ್ಸ್ ರದ್ದಾಗಬಹುದು, ಆಯುಧ ಜಪ್ತಿಯಾಗಬಹುದು. ಅಂದರೆ ಮುಚ್ಚಿಟ್ಟು ಒಯ್ಯುವುದು ಇಲ್ಲಿ ವಿಶೇಷ ಸವಲತ್ತಲ್ಲ, ಇರುವುದು ಅದೊಂದೇ ದಾರಿ.

ಈಗ ನಮ್ಮ ಕಡೆಯ ಪದ್ಧತಿ ನೋಡಿ. ಲೈಸೆನ್ಸ್ ಪಡೆಯುವ ಅರ್ಧ ಮಂದಿಯ ಉದ್ದೇಶವೇ ಅದು ನಾಲ್ಕು ಜನಕ್ಕೆ ಕಾಣಲಿ ಎಂಬುದು. ಮದುವೆ ಮೆರವಣಿಗೆಯಲ್ಲಿ, ಜಾತ್ರೆಯಲ್ಲಿ ಅಂಗಿ ಕೊಂಚ ಸರಿಸಿ ಹಿಡಿಕೆ ತೋರಿಸುವುದು ಗತ್ತು. ಖುಷಿಗೆ ಗಾಳಿಯಲ್ಲಿ ಗುಂಡು ಹಾರಿಸುವುದು ಮತ್ತೂ ದೊಡ್ಡ ಗತ್ತು. 2019ರ ತಿದ್ದುಪಡಿಯ ನಂತರ ಅಂಥ ಗುಂಡು ಬೇರೆಯವರ ಪ್ರಾಣಕ್ಕೆ ಅಪಾಯ ತರುವಂತಿದ್ದರೆ ಎರಡು ವರ್ಷದವರೆಗೆ ಸಜೆ ಅಥವಾ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಮೇಲಕ್ಕೆ ಹೋದ ಗುಂಡು ಎಲ್ಲೋ ಒಂದು ಕಡೆ ಕೆಳಗೆ ಬೀಳಲೇಬೇಕಲ್ಲ.

ಇನ್ನು ನಮ್ಮ ಉಡುಗೆ. ಅನಂತಪುರದ ಬಿಸಿಲಿಗೆ ತೆಳು ಅಂಗಿ, ಪಂಚೆ ಉಡುವವರು ಹೆಚ್ಚು. ಸುಮಾರು 700 ಗ್ರಾಂ ತೂಗುವ ರಿವಾಲ್ವರಿಗೆ ಗಟ್ಟಿ ಬೆಲ್ಟು ಬೇಕು. ಪಂಚೆಯ ಸೊಂಟಕ್ಕೆ ಸಿಕ್ಕಿಸಿದರೆ ಬಸ್ ಹತ್ತುವಾಗಲೋ, ಬೈಕಿನಿಂದ ಇಳಿಯುವಾಗಲೋ ಜಾರಿ ಬಿದ್ದು ಊರೆಲ್ಲ ನೋಡುತ್ತದೆ. ಬೈಕಿನ ಡಿಕ್ಕಿಯಲ್ಲೋ ಕಾರಿನ ಡ್ಯಾಶ್‌ಬೋರ್ಡಿನಲ್ಲೋ ಇಟ್ಟರೆ ಕಳ್ಳನಿಗೆ ಕೊಟ್ಟಂತೆ. ಆಯುಧ ಕಳುವಾದರೆ ತಕ್ಷಣ ಠಾಣೆಗೆ ತಿಳಿಸಬೇಕು, ಜೋಪಾನ ಮಾಡದ್ದಕ್ಕೆ ಉತ್ತರವನ್ನೂ ಕೊಡಬೇಕು.

ಗಡಿ ದಾಟಿದರೆ ಏನಾಗುತ್ತದೆ?

ಬೇರೆ ಊರಿನವರಿಗೆ ಇಲ್ಲದ ಒಂದು ತೊಡಕು ನಮಗಿದೆ. ರಾಯದುರ್ಗ 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯ ತಾಲೂಕಾಗಿತ್ತು. ಆಂಧ್ರ ರಾಜ್ಯ ಹುಟ್ಟಿದಾಗ ಆದೋನಿ, ಆಲೂರುಗಳ ಜೊತೆ ಇದೂ ಆಚೆ ಹೋಯಿತು. ಭೂಪಟ ಬದಲಾದರೂ ವ್ಯಾಪಾರ ಬದಲಾಗಲಿಲ್ಲ. ಬಳ್ಳಾರಿ, ಮೊಳಕಾಲ್ಮೂರು, ಚಳ್ಳಕೆರೆ ಇಂದಿಗೂ ರಾಯದುರ್ಗದವರ ಪೇಟೆಗಳು. ಮಡಕಶಿರಾ ಕಡೆಯ ಅಗಳಿ, ರೊಳ್ಳ, ಅಮರಾಪುರ, ಗುಡಿಬಂಡೆಯವರಿಗೆ ಶಿರಾ, ಮಧುಗಿರಿ, ಪಾವಗಡ ಹತ್ತಿರ. ಆಸ್ಪತ್ರೆಗೆ, ಸಂತೆಗೆ, ಬೀಗರ ಮನೆಗೆ ಹೊರಟವನು ಒಂದು ಬೆಳಗಿನಲ್ಲಿ ಎರಡು ಸಲ ರಾಜ್ಯ ಬದಲಿಸುತ್ತಾನೆ.

ಲೈಸೆನ್ಸು ಹಾಗೆ ಬದಲಾಗುವುದಿಲ್ಲ. ಅದರಲ್ಲಿ ಯಾವ ಪ್ರದೇಶಕ್ಕೆ ಮಾನ್ಯ ಎಂದು ಬರೆದಿರುತ್ತದೋ ಅಷ್ಟಕ್ಕೇ ಅದು. ಜಿಲ್ಲೆಗೋ ಆಂಧ್ರಕ್ಕೋ ಸೀಮಿತವಾದ ಲೈಸೆನ್ಸ್ ಇಟ್ಟುಕೊಂಡು ಗಡಿಯ ಚೆಕ್‌ಪೋಸ್ಟ್ ದಾಟಿದ ಕ್ಷಣ, ಕಾನೂನಿನ ಕಣ್ಣಿಗೆ ಸೊಂಟದಲ್ಲಿರುವುದು ಅನುಮತಿಯಿಲ್ಲದ ಆಯುಧ. "ನಮ್ಮ ಹೊಲ ಆಚೆ ಇದೆ ಸಾರ್" ಎಂಬ ಉತ್ತರ ಅಲ್ಲಿ ನಡೆಯದು. ದರೋಡೆಯ ಭಯ ಇರುವುದು ಬಳ್ಳಾರಿ ರಸ್ತೆಯಲ್ಲಿ, ಲೈಸೆನ್ಸ್ ಇರುವುದು ರಾಯದುರ್ಗದ ಬೀದಿಗೆ ಎಂದಾದರೆ ಆ ಆಯುಧ ಬೇಕಾದ ಕಡೆಯೇ ಬಳಕೆಗೆ ಬಾರದು. ಅರ್ಜಿ ಹಾಕುವ ದಿನವೇ ಓಡಾಟದ ಪ್ರದೇಶವನ್ನು ಕಾರಣ ಸಮೇತ ಬರೆಯುವುದು ಬೋರಿನ ಚರ್ಚೆಗಿಂತ ನೂರು ಪಾಲು ಮುಖ್ಯ.

2022ರ ಏಪ್ರಿಲ್ 4ರಿಂದ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ, ರಾಯದುರ್ಗ ಅನಂತಪುರದಲ್ಲೇ ಉಳಿದಿದೆ. ಹಾಗಾಗಿ ಮಡಕಶಿರಾದವರ ಕಲೆಕ್ಟರ್ ಕಚೇರಿ ಈಗ ಪುಟ್ಟಪರ್ತಿಯಲ್ಲಿದೆ. ಹಿಂದೆ ಅನಂತಪುರದಲ್ಲಿ ಲೈಸೆನ್ಸ್ ಪಡೆದವರು ತಮ್ಮ ಕಡತ, ವಿಶಿಷ್ಟ ಗುರುತಿನ ಸಂಖ್ಯೆ, ನವೀಕರಣದ ದಿನಾಂಕ ಹೊಸ ಜಿಲ್ಲೆಯಲ್ಲಿ ಸರಿಯಾಗಿ ನಮೂದಾಗಿದೆಯೇ ಎಂದು ಒಮ್ಮೆ ವಿಚಾರಿಸಿಕೊಳ್ಳುವುದು ಒಳಿತು. 2019ರ ತಿದ್ದುಪಡಿಯಂತೆ ಲೈಸೆನ್ಸಿನ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿದೆ, ಒಬ್ಬರು ಇಟ್ಟುಕೊಳ್ಳಬಹುದಾದ ಆಯುಧಗಳು ಮೂರರಿಂದ ಎರಡಕ್ಕೆ ಇಳಿದಿವೆ.

ಚುನಾವಣೆ ಬಂತೆಂದರೆ ಆಯುಧ ಠಾಣೆಗೆ ಒಪ್ಪಿಸುವ ಆದೇಶಗಳು ಬರುತ್ತವೆ. ಕರ್ನಾಟಕ ವಿಧಾನಸಭೆಗೆ 2023ರ ಮೇ ತಿಂಗಳಲ್ಲಿ, ಆಂಧ್ರಕ್ಕೆ 2024ರ ಮೇ ತಿಂಗಳಲ್ಲಿ ಮತದಾನ ನಡೆಯಿತು. ಒಂದು ಕಡೆ ನೀತಿ ಸಂಹಿತೆ ಇಲ್ಲದಾಗಲೂ ಇನ್ನೊಂದು ಕಡೆ ಇರಬಹುದು. ಊರಿನಲ್ಲಿ ವೈಷಮ್ಯ ಕುದಿಯುವುದು ಚುನಾವಣೆಯ ಹೊತ್ತಿನಲ್ಲೇ. ರಕ್ಷಣೆ ಅತ್ಯಂತ ಬೇಕೆನಿಸುವ ತಿಂಗಳಲ್ಲಿ ರಿವಾಲ್ವರ್ ಠಾಣೆಯ ಬೀರುವಿನಲ್ಲಿರಬಹುದು ಎಂಬುದನ್ನು ಮೊದಲೇ ತಿಳಿದಿರಬೇಕು.

ಫ್ಯಾಕ್ಷನ್ ಕಲಿಸಿದ ಪಾಠ

ಆಯುಧ ಇದ್ದರೆ ಪ್ರಾಣ ಉಳಿಯುತ್ತದೆ ಎಂಬ ನಂಬಿಕೆಗೆ ರಾಯಲಸೀಮೆಗಿಂತ ದೊಡ್ಡ ಪರೀಕ್ಷಾ ಕೇಂದ್ರ ಇನ್ನೊಂದಿಲ್ಲ. ಆ ಪರೀಕ್ಷೆಯ ಫಲಿತಾಂಶ ಎಲ್ಲರ ಕಣ್ಣ ಮುಂದಿದೆ.

ಅನಂತಪುರ ಜಿಲ್ಲೆಯ ಫ್ಯಾಕ್ಷನ್ ಕಾದಾಟದಲ್ಲಿ ಹೆಚ್ಚು ಕೆಲಸ ಮಾಡಿದ್ದು ಪಿಸ್ತೂಲಲ್ಲ, ನಾಟು ಬಾಂಬು ಮತ್ತು ಮಚ್ಚು. ಹೊಂಚು ಹಾಕಿ, ಗುಂಪಾಗಿ, ಜೀಪನ್ನು ಅಡ್ಡಗಟ್ಟಿ ನಡೆಯುವ ದಾಳಿಗೆ ಸೊಂಟದ ಆರು ಗುಂಡು ಯಾವ ಮೂಲೆಗೆ? 1997ರ ನವೆಂಬರ್ 19ರಂದು ಹೈದರಾಬಾದಿನ ಜೂಬಿಲಿ ಹಿಲ್ಸ್‌ನಲ್ಲಿ ಪರಿಟಾಲ ರವಿಯನ್ನು ಗುರಿಯಾಗಿಸಿ ಕಾರ್ ಬಾಂಬ್ ಸಿಡಿಸಿದರು. ರವಿ ಬದುಕಿದರು, ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಜಗಳಕ್ಕೆ ಸಂಬಂಧವೇ ಇಲ್ಲದವರಿದ್ದರು.

ಶಾಸಕರೂ ಮಾಜಿ ಸಚಿವರೂ ಆಗಿದ್ದ ಅದೇ ರವಿ 2005ರ ಜನವರಿ 24ರಂದು ಅನಂತಪುರದ ತಮ್ಮ ಪಕ್ಷದ ಕಚೇರಿಯ ಆವರಣದಲ್ಲಿ, ಹಗಲಿನಲ್ಲಿ, ಜನರ ನಡುವೆ ಗುಂಡೇಟಿಗೆ ಬಲಿಯಾದರು. ಆ ಕೊಲೆಯ ಪ್ರಮುಖ ಆರೋಪಿ ಮೊದ್ದು ಸೀನು 2008ರ ನವೆಂಬರಿನಲ್ಲಿ ಅನಂತಪುರ ಜೈಲಿನೊಳಗೇ ಸಹಕೈದಿಯಿಂದ ಹತನಾದ. ಅಲ್ಲಿ ಪಿಸ್ತೂಲೂ ಇರಲಿಲ್ಲ, ಬೋರೂ ಇರಲಿಲ್ಲ. ಕಾರ್ ಬಾಂಬ್ ಪ್ರಕರಣದಲ್ಲಿ ಶಿಕ್ಷೆಗೊಳಗಾಗಿ ಹೊರಬಂದಿದ್ದ ಮದ್ದೆಲಚೆರುವು ಸೂರಿಯನ್ನು 2011ರ ಜನವರಿ 3ರಂದು ಹೈದರಾಬಾದಿನಲ್ಲಿ ಅವರದೇ ಕಾರಿನಲ್ಲಿ, ಬೆನ್ನ ಹಿಂದೆ ಕೂತಿದ್ದ ಆಪ್ತ ಸಹಚರನೇ ಗುಂಡಿಟ್ಟು ಕೊಂದ.

ಈ ಸಾವುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿ. ಎಲ್ಲಿಯೂ "ಇನ್ನೂ ದೊಡ್ಡ ಬೋರು ಇದ್ದಿದ್ದರೆ ಉಳಿಯುತ್ತಿದ್ದರು" ಎನ್ನುವ ಹಾಗಿಲ್ಲ. ಕೊಲ್ಲಲು ಬರುವವನು ಸಮಯ, ಜಾಗ, ದೂರ ಎಲ್ಲವನ್ನೂ ತಾನೇ ಆರಿಸಿಕೊಂಡು ಬರುತ್ತಾನೆ. ರಕ್ಷಿಸಿಕೊಳ್ಳುವವನಿಗೆ ಉಳಿಯುವುದು ಒಂದೆರಡು ಕ್ಷಣ. ಆ ಕ್ಷಣದಲ್ಲಿ ಅಂಗಿಯ ಕೆಳಗಿನ, ಪಟ್ಟಿ ಹಾಕಿದ, ಆರು ತಿಂಗಳಿಂದ ಮುಟ್ಟದ ರಿವಾಲ್ವರ್ ಕೈಗೆ ಬರುತ್ತದೆಯೇ?

ಗುಂಡು ಹಾರಿದ ಮೇಲೆ

ಹಾರಿಸಿ ಬದುಕಿದಿರಿ ಎಂದೇ ಇಟ್ಟುಕೊಳ್ಳೋಣ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಸೆಕ್ಷನ್‌ಗಳು ಆತ್ಮರಕ್ಷಣೆಯ ಹಕ್ಕನ್ನು ಕೊಡುತ್ತವೆ. ಹಳೆಯ ದಂಡ ಸಂಹಿತೆಯಲ್ಲಿ ಇದ್ದ ತತ್ವವೇ ಇಲ್ಲಿಯೂ ಇದೆ: ರಕ್ಷಣೆಗೆ ಎಷ್ಟು ಬೇಕೋ ಅಷ್ಟೇ ಪೆಟ್ಟು, ಅದಕ್ಕಿಂತ ಹೆಚ್ಚಿಲ್ಲ. ಪೊಲೀಸರ ರಕ್ಷಣೆ ಪಡೆಯಲು ಸಮಯವಿದ್ದರೆ ಹಕ್ಕಿಲ್ಲ. ಚೀಲ ಕಿತ್ತುಕೊಂಡು ಓಡುತ್ತಿರುವವನ ಬೆನ್ನಿಗೆ ಗುಂಡು ಹೊಡೆದವನಿಗೆ ಚೀಲ ಮರಳಿದರೂ ಮೊಕದ್ದಮೆ ತಪ್ಪದು. ಎರಡು ಲಕ್ಷ ರೂಪಾಯಿ ಉಳಿಸಿಕೊಳ್ಳಲು ಹೋಗಿ ಹತ್ತು ವರ್ಷ ಕೋರ್ಟಿಗೆ ಅಲೆಯುವುದು ಲಾಭದ ವ್ಯಾಪಾರವಲ್ಲ.

ಲೈಸೆನ್ಸ್ ರಗಳೆಯೇ ಬೇಡ, ನಾಡ ಪಿಸ್ತೂಲು ಅಗ್ಗಕ್ಕೆ ಸಿಗುತ್ತದೆ ಎಂಬ ಮಾತೂ ಹುಡುಗರ ಬಾಯಲ್ಲಿದೆ. ಲೈಸೆನ್ಸಿಲ್ಲದ ಕೈಬಂದೂಕು ಇಟ್ಟುಕೊಂಡರೆ 2019ರ ತಿದ್ದುಪಡಿಯ ನಂತರ ಕನಿಷ್ಠ ಎರಡು ವರ್ಷ, ಐದು ವರ್ಷದವರೆಗೆ ಸಜೆ. ನಿಷೇಧಿತ ಬೋರಿನದಾದರೆ ಕನಿಷ್ಠವೇ ಏಳು ವರ್ಷ. ನೀರಿನ ಪೈಪಿನಂಥ ನಳಿಗೆ ಎದುರಿನವನಿಗಿಂತ ಮೊದಲು ಹಿಡಿದವನ ಕೈಯನ್ನೇ ಸಿಡಿಸಬಹುದು ಎಂಬುದು ಬೇರೆ ಮಾತು.

ಹಾಗಾದರೆ ಯಾರಿಗೆ, ಏನು?

ನಿಜವಾದ ಬೆದರಿಕೆ ಇರುವವರು ಇದ್ದಾರೆ. ಅದನ್ನು ಅಲ್ಲಗಳೆಯುವುದು ಸರಿಯಲ್ಲ. ಸಾಕ್ಷಿ ಹೇಳಿದವರು, ಹಿಂದೆ ದಾಳಿಗೆ ಒಳಗಾದವರು, ಒಂಟಿ ತೋಟದ ಮನೆಯಲ್ಲಿರುವವರು. ಅಂಥವರು ಕೇಳಿಕೊಳ್ಳಬೇಕಾದ ಪ್ರಶ್ನೆಗಳ ಸಾಲು ಹೀಗಿರಲಿ.

ಮೊದಲನೆಯದು, ಬೆದರಿಕೆಯ ದಾಖಲೆ. ಠಾಣೆಗೆ ಕೊಟ್ಟ ದೂರು, ಎಫ್‌ಐಆರ್ ಪ್ರತಿ ಇಲ್ಲದೆ ಬರೀ "ಪ್ರಾಣಭಯ" ಎಂದು ಬರೆದ ಅರ್ಜಿಗೆ ತೂಕವಿಲ್ಲ. ಪೊಲೀಸ್ ವರದಿ, ಆರೋಗ್ಯದ ಪ್ರಮಾಣಪತ್ರ, ಸುರಕ್ಷತಾ ತರಬೇತಿ ಎಲ್ಲವೂ ಬೇಕು. ತಿರಸ್ಕಾರವಾದರೆ ಕಾರಣ ಕೇಳುವ, ಮೇಲ್ಮನವಿ ಸಲ್ಲಿಸುವ ದಾರಿ ಕಾಯಿದೆಯಲ್ಲಿದೆ. ದಲ್ಲಾಳಿಗೆ ಹಣ ಕೊಡುವ ದಾರಿ ಅದರಲ್ಲಿಲ್ಲ.

ಎರಡನೆಯದು, ಕೈಬಂದೂಕೇ ಬೇಕೇ? ತೋಟದ ಮನೆಯ ಕಾವಲಿಗೆ, ಬೆಳೆ ರಕ್ಷಣೆಗೆ ಉದ್ದ ನಳಿಗೆಯ ಕೋವಿಯ ಲೈಸೆನ್ಸ್ ವಿಷಯದಲ್ಲಿ ಕಾಯಿದೆ ತುಸು ಉದಾರವಾಗಿದೆ. ಕಾಡುಹಂದಿ ಓಡಿಸಲು ಪಿಸ್ತೂಲು ನಿಷ್ಪ್ರಯೋಜಕ. ನಮ್ಮ ಬೆಟ್ಟಗಳ ಕರಡಿಯ ಮೇಲೆ ಗುಂಡು ಹಾರಿಸುವುದಂತೂ ವನ್ಯಜೀವಿ ಕಾಯಿದೆಯಡಿ ದೊಡ್ಡ ಅಪರಾಧ. ಕೊಡಗಿನವರಿಗೆ ಲೈಸೆನ್ಸಿನಿಂದ ವಿನಾಯಿತಿ ಇದೆಯಲ್ಲ ಎಂದು ಕೇಳುವವರುಂಟು. ಅದು ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಬಂದದ್ದು. ಕರ್ನಾಟಕ ಹೈಕೋರ್ಟು 2021ರಲ್ಲಿ ಎತ್ತಿಹಿಡಿದದ್ದು ಅವರ ವಿನಾಯಿತಿಯನ್ನು, ನಮ್ಮದನ್ನಲ್ಲ.

ಮೂರನೆಯದು, ಮನೆ. ಕುಡಿತವಿರುವ, ಸಾಲದ ಚಿಂತೆಯಿರುವ, ಗಂಡ ಹೆಂಡಿರ ಜಗಳವಿರುವ, ಹದಿಹರೆಯದ ಮಕ್ಕಳಿರುವ ಮನೆಗೆ ತುಂಬಿದ ರಿವಾಲ್ವರ್ ತರುವುದೆಂದರೆ ಹೊರಗಿನ ಶತ್ರುವಿಗಿಂತ ಹತ್ತಿರದ ಅಪಾಯವನ್ನು ತಂದಂತೆ. ಕೋಪ ಹತ್ತು ನಿಮಿಷದ್ದು, ಹಾರಿದ ಗುಂಡು ಹಿಂದಕ್ಕೆ ಬಾರದು. ಬೀಗ ಹಾಕುವ ಪೆಟ್ಟಿಗೆ, ಬೇರೆ ಜಾಗದಲ್ಲಿ ತೂಟಾ, ಕೀಲಿ ಒಬ್ಬರ ಕೈಯಲ್ಲಿ. ಇಷ್ಟು ಏರ್ಪಾಟು ಇಲ್ಲದವರು ಲೈಸೆನ್ಸ್ ಬೇಡವೆನ್ನುವುದೇ ಕ್ಷೇಮ.

ನಾಲ್ಕನೆಯದು, ಬೆದರಿಕೆಯನ್ನೇ ಕಡಿಮೆ ಮಾಡುವ ದಾರಿ. ವ್ಯಾಪಾರಿ ಹೆದರುವುದು ಹಣದ ಚೀಲಕ್ಕಾಗಿ. ಇಂದು ತರಕಾರಿ ಅಂಗಡಿಯಲ್ಲೂ ಫೋನಿನಿಂದ ಹಣ ದಾಟುತ್ತದೆ. ಸಂಜೆಯೊಳಗೆ ವಸೂಲಿ ಬ್ಯಾಂಕಿಗೆ ಹೋದರೆ ರಾತ್ರಿ ರಸ್ತೆಯಲ್ಲಿ ಕಾಯುವವನಿಗೆ ಸಿಗುವುದು ಖಾಲಿ ಚೀಲ. ದಿನವೂ ಒಂದೇ ದಾರಿ, ಒಂದೇ ಹೊತ್ತು ಬೇಡ, ಒಂಟಿ ಪ್ರಯಾಣ ಬೇಡ. ಇವಕ್ಕೆ ಲೈಸೆನ್ಸ್ ಬೇಕಿಲ್ಲ, ಗಡಿಯೂ ಇಲ್ಲ.

ಈ ನಾಲ್ಕನ್ನೂ ದಾಟಿ ಬಂದವರಿಗೆ ಐದನೆಯ ಪ್ರಶ್ನೆ ಬೋರಿನದು. ಅದರ ಉತ್ತರ ಒಂದು ಸಾಲಿನದು: ಕಾಯಿದೆ ಬಿಟ್ಟಿರುವ .32, ಅಭ್ಯಾಸಕ್ಕೆ ತಕ್ಕಂತೆ ರಿವಾಲ್ವರ್, ಅದಕ್ಕೆ ಹೊಂದುವ ಹೊಸ ತೂಟಾ, ಗಟ್ಟಿ ಹೋಲ್‌ಸ್ಟರ್, ವರ್ಷಕ್ಕೆ ಕೆಲವು ದಿನವಾದರೂ ಅಧಿಕೃತ ಜಾಗದಲ್ಲಿ ಗುರಿ ಅಭ್ಯಾಸ.

ಚಹಾ ಅಂಗಡಿಯಲ್ಲಿ ಇದನ್ನೆಲ್ಲ ಹೇಳಿದರೆ ಕೇಳಿದವನಿಗೆ ನಿರಾಸೆಯಾಗುವುದು ಸಹಜ. ಅವನು ಕೇಳಿದ್ದು ಒಂ​ದು ಅಂಕಿಯನ್ನು, ಸಿಕ್ಕಿದ್ದು ನಾಲ್ಕು ಪ್ರಶ್ನೆ. ಆದರೆ ಈ ಜಿಲ್ಲೆಯಲ್ಲಿ ಆಯುಧವನ್ನು ನಂಬಿ ಬಾಳಿದವರ ಮನೆಗಳಲ್ಲಿ ಇಂದು ಗೋಡೆಯ ಮೇಲೆ ಹಾರ ಹಾಕಿದ ಫೋಟೋಗಳಿವೆ. ಅವುಗಳ ಕೆಳಗೆ ಕುಳಿತ ತಾಯಂದಿರನ್ನು ಯಾವ ಬೋರು ಒಳ್ಳೆಯದು ಎಂದು ಕೇಳಿ ನೋಡಿ. ಮಕ್ಕಳನ್ನು ಕತ್ತಲಾಗುವ ಮೊದಲು ಮನೆಗೆ ಬಾ ಎನ್ನುವುದನ್ನು ಬಿಟ್ಟು ಅವರು ಬೇರೇನೂ ಹೇಳುವುದಿಲ್ಲ.